ಹಾಲು ಕಕ್ಕುವ ಹಸುಳೆ: ಹೊಣೆ ತಾಯಿಯೊಬ್ಬಳದೇ?

(ಕುಟುಂಬ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)





ಇಂದಿನ ವಿಷಯವನ್ನು ಕೇಳಿ ಕೆಲವು ಸಹೋದರರು ಮುಗುಳ್ನಕ್ಕಿರಬಹುದು. ಶಿಕ್ಷಣ, ಉದ್ಯೋಗ, ಮೀಸಲಾತಿ, ವಕ್ಫ್ ಆಸ್ತಿಯಂತಹ ಗಂಭೀರ ಪ್ರಶ್ನೆಗಳು ಸಮುದಾಯದ ಮುಂದಿರುವಾಗ ಹಸುಳೆಯ ಹೊಟ್ಟೆಯ ವಾಯುವಿನ ಬಗ್ಗೆ, ಅದು ಕಕ್ಕುವ ಹಾಲಿನ ಬಗ್ಗೆ ಒಂದು ಭಾಷಣವೇ ಎಂದು ಅನ್ನಿಸುವುದು ಸಹಜ. 2006ರಲ್ಲಿ ಸಾಚಾರ್ ಸಮಿತಿಯ ವರದಿ ಬಂದಂದಿನಿಂದ ನಾವು ಸಮುದಾಯದ ಹಿಂದುಳಿದಿರುವಿಕೆಯನ್ನು ವೇದಿಕೆಗಳಲ್ಲಿ ಚರ್ಚಿಸುತ್ತಲೇ ಬಂದಿದ್ದೇವೆ. ಅದು ಅಗತ್ಯವೂ ಹೌದು. ಆದರೆ ರಾತ್ರಿ ಎರಡು ಗಂಟೆಗೆ ಒಂದೂವರೆ ತಿಂಗಳ ಮಗು ಮುಷ್ಟಿ ಬಿಗಿದು, ಕಾಲು ಮಡಚಿ, ಮುಖ ಕೆಂಪಗೆ ಮಾಡಿಕೊಂಡು ಕಿರುಚುತ್ತಿರುವಾಗ ಆ ಮನೆಯಲ್ಲಿ ಏನು ನಡೆಯುತ್ತದೆ? "ನೀನು ಏನು ತಿಂದೆ?" ಎಂಬುದು ಬಾಣಂತಿಗೆ ಎದುರಾಗುವ ಮೊದಲ ಪ್ರಶ್ನೆ. "ನಿನ್ನ ಹಾಲು ಸಾಲದು" ಎಂಬುದು ಎರಡನೆಯ ಮಾತು. "ಯಾರದ್ದೋ ಕಣ್ಣು ಬಿದ್ದಿದೆ" ಎಂಬುದು ಮೂರನೆಯದು. ಬೆಳಗಾಗುವಷ್ಟರಲ್ಲಿ ಒಂದು ಗ್ರೈಪ್ ವಾಟರ್ ಬಾಟಲಿ, ಒಂದು ಹಾಲಿನ ಪುಡಿಯ ಡಬ್ಬಿ, ಒಂದು ಮಂತ್ರಿಸಿದ ನೂಲು ಮನೆಯೊಳಗೆ ಬಂದಿರುತ್ತದೆ. ಮಗುವಿನ ತಂದೆ ಮಾತ್ರ ನಿದ್ದೆ ಕೆಡಬಾರದೆಂದು ಬೇರೆ ಕೋಣೆಯಲ್ಲಿ ಮಲಗಿರುತ್ತಾನೆ.

ಕುಟುಂಬದ ಸುಧಾರಣೆಯ ಬಗ್ಗೆ ಮಾತಾಡುವ ನಾವು ಈ ಕೋಣೆಯನ್ನು ಬಿಟ್ಟು ಬೇರೆ ಎಲ್ಲಿಂದ ಆರಂಭಿಸಬೇಕು?

ಮೊದಲು ವಿಷಯದ ವೈದ್ಯಕೀಯ ಸತ್ಯವನ್ನು ತಿಳಿದುಕೊಳ್ಳೋಣ. ಬಾಯಿಯಿಂದ ಹೊಟ್ಟೆಗೆ ಹೋಗುವ ಅನ್ನನಾಳವು ಜಠರವನ್ನು ಸೇರುವ ಸ್ಥಳದಲ್ಲಿ ಸ್ನಾಯುಗಳ ಒಂದು ಉಂಗುರವಿದೆ. ಆಹಾರ ಕೆಳಗಿಳಿಯುವಾಗ ಅದು ತೆರೆದುಕೊಳ್ಳುತ್ತದೆ, ಮತ್ತೆ ಮುಚ್ಚಿಕೊಳ್ಳುತ್ತದೆ. ಹಸುಳೆಯಲ್ಲಿ ಈ ಉಂಗುರ ಇನ್ನೂ ಬಲಿತಿರುವುದಿಲ್ಲ, ಬೇಡದ ಹೊತ್ತಿನಲ್ಲೂ ಸಡಿಲಗೊಳ್ಳುತ್ತದೆ. ಅನ್ನನಾಳ ಗಿಡ್ಡ, ಆಹಾರ ಪೂರ್ತಿ ದ್ರವ, ಮಗು ದಿನದ ಬಹುಪಾಲು ಮಲಗಿಯೇ ಇರುತ್ತದೆ. ಹೀಗಿರುವಾಗ ಕುಡಿದ ಹಾಲಿನಲ್ಲಿ ಸ್ವಲ್ಪ ಮೇಲೆ ಬರುವುದರಲ್ಲಿ ಅಚ್ಚರಿಯೇನಿದೆ? ಇದನ್ನೇ ವೈದ್ಯರು ರಿಫ್ಲಕ್ಸ್ ಎನ್ನುತ್ತಾರೆ. ಬ್ರಿಟನ್ನಿನ ಆರೋಗ್ಯ ಮಾರ್ಗದರ್ಶಿ ಸಂಸ್ಥೆಯೊಂದು 2015ರಲ್ಲಿ ಹೊರತಂದ ಸೂಚಿಯ ಪ್ರಕಾರ ಕನಿಷ್ಠ ಶೇ. 40ರಷ್ಟು ಶಿಶುಗಳಲ್ಲಿ ಇದು ಕಂಡುಬರುತ್ತದೆ. ಸಾಮಾನ್ಯವಾಗಿ ಎಂಟು ವಾರ ತುಂಬುವ ಮೊದಲೇ ಆರಂಭವಾಗುತ್ತದೆ. ಹತ್ತರಲ್ಲಿ ಒಂಬತ್ತು ಮಕ್ಕಳಲ್ಲಿ ವರ್ಷ ತುಂಬುವುದರೊಳಗೆ ತಾನಾಗಿಯೇ ನಿಲ್ಲುತ್ತದೆ. ಕಕ್ಕಿದ ನಂತರವೂ ನಗುವ, ಹಾಲಿಗಾಗಿ ಬಾಯಿ ತೆರೆಯುವ, ತೂಕ ಏರುತ್ತಿರುವ ಮಗುವಿಗೆ ಯಾವ ಪರೀಕ್ಷೆಯೂ ಬೇಡ, ಯಾವ ಔಷಧಿಯೂ ಬೇಡ. ಬೇಕಾದದ್ದು ಹೆಗಲ ಮೇಲೊಂದು ಹಳೆಯ ಬಟ್ಟೆ.

ಗ್ಯಾಸಿನ ಅಳು ಇದರ ನೆರೆಯ ವಿಷಯ. ಮಗು ಅಳುವಾಗ ಗಾಳಿ ನುಂಗುತ್ತದೆ, ಗಾಳಿ ನುಂಗಿದ್ದರಿಂದ ಇನ್ನಷ್ಟು ಅಳುತ್ತದೆ. ಆದರೆ ಸಂಜೆಯ ಅಳುವೆಲ್ಲ ಗ್ಯಾಸಿನಿಂದಲೇ ಬರುವುದಲ್ಲ ಎಂಬುದನ್ನು ಮನೆಯ ಹಿರಿಯರು ಗಮನಿಸಬೇಕು. ಆರೋಗ್ಯವಂತ ಮಗುವಿನ ಅಳು ಎರಡನೇ ವಾರದಿಂದ ಏರುತ್ತಾ ಹೋಗಿ ಸುಮಾರು ಆರನೇ ವಾರದಲ್ಲಿ ಉತ್ತುಂಗಕ್ಕೇರುತ್ತದೆ, ಮೂರು ನಾಲ್ಕು ತಿಂಗಳಲ್ಲಿ ಇಳಿಯುತ್ತದೆ. ದಿನಕ್ಕೆ ಮೂರು ಗಂಟೆಗೂ ಹೆಚ್ಚು, ವಾರದಲ್ಲಿ ಮೂರು ದಿನಕ್ಕೂ ಹೆಚ್ಚು ಅಳುವ ಮಕ್ಕಳನ್ನು 1954ರಲ್ಲೇ ಅಮೆರಿಕದ ವೈದ್ಯರು ಪ್ರತ್ಯೇಕವಾಗಿ ಗುರುತಿಸಿದ್ದರು. ಅಂದಿನಿಂದ ಇಂದಿನವರೆಗೆ ಇದಕ್ಕೆ ಖಚಿತವಾದ ಒಂದೇ ಕಾರಣ ಸಿಕ್ಕಿಲ್ಲ. ವೈದ್ಯರಿಗೇ ಸಿಗದ ಕಾರಣವನ್ನು ನಮ್ಮ ನೆರೆಮನೆಯವರು ಒಂದೇ ನೋಟದಲ್ಲಿ ಬಾಣಂತಿಯ ತಟ್ಟೆಯಲ್ಲಿ ಕಂಡುಹಿಡಿದು ಬಿಡುತ್ತಾರೆ!

ಈ ತಟ್ಟೆಯ ವಿಚಾರವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕಾಗಿದೆ. ಬೇಳೆ ತಿಂದರೆ ಮಗುವಿಗೆ ವಾಯು, ಆಲೂಗಡ್ಡೆ ತಿಂದರೆ ವಾಯು, ತರಕಾರಿ ತಿಂದರೆ ಶೀತ, ನೀರು ಕುಡಿದರೆ ಹೊಟ್ಟೆ ದೊಡ್ಡದಾಗುತ್ತದೆ ಎಂದು ನಾಲ್ವತ್ತು ದಿನ ಬಾಣಂತಿಯನ್ನು ಅರೆಹೊಟ್ಟೆಯಲ್ಲಿ, ಒಣಗಿದ ಗಂಟಲಿನಲ್ಲಿ ಇಡುವ ಮನೆಗಳು ಇಂದಿಗೂ ಇವೆ. ತಾಯಿಯ ಕರುಳಿನಲ್ಲಿ ಉಂಟಾದ ಗಾಳಿ ರಕ್ತವನ್ನು ದಾಟಿ ಎದೆಹಾಲಿಗೆ ಬರುವುದಿಲ್ಲ. ಅದು ತಾಯಿಯ ಹೊಟ್ಟೆಯಲ್ಲಿಯೇ ಹುಟ್ಟಿ ಅಲ್ಲಿಯೇ ಮುಗಿಯುತ್ತದೆ. ಕೆಲವೇ ಕೆಲವು ಮಕ್ಕಳಿಗೆ ಹಸುವಿನ ಹಾಲಿನ ಪ್ರೋಟೀನ್ ಆಗುವುದಿಲ್ಲ, ಅದು ತಾಯಿಯ ಮೂಲಕ ತಲುಪಿದರೂ ತೊಂದರೆ ಕೊಡುತ್ತದೆ. ಆದರೆ ಆಗ ಮಲದಲ್ಲಿ ರಕ್ತದ ಗೆರೆ, ಚರ್ಮದಲ್ಲಿ ತುರಿಕಜ್ಜಿಯಂತಹ ಇತರ ಸೂಚನೆಗಳೂ ಸಾಮಾನ್ಯವಾಗಿ ಇರುತ್ತವೆ. ವೈದ್ಯರೇ ಎರಡರಿಂದ ನಾಲ್ಕು ವಾರ ಹಾಲಿನ ಪದಾರ್ಥ ಬಿಡಿಸಿ ನೋಡುತ್ತಾರೆ. ಅದನ್ನು ಅತ್ತೆಯಾಗಲಿ ನಾದಿನಿಯಾಗಲಿ ತೀರ್ಮಾನಿಸುವುದಲ್ಲ. ಹೆರಿಗೆಯಲ್ಲಿ ರಕ್ತ ಕಳೆದುಕೊಂಡ ಹೆಣ್ಣಿನಿಂದ ಬೇಳೆಯನ್ನೂ ಸೊಪ್ಪನ್ನೂ ಕಸಿದುಕೊಂಡು, ಅನಂತರ "ಇವಳಿಗೆ ಹಾಲೇ ಇಲ್ಲ" ಎಂದು ದೂರುವುದು ಯಾವ ನ್ಯಾಯ?

ಪವಿತ್ರ ಕುರ್‌ಆನ್‌ನ ಅಲ್ ಬಕರ ಅಧ್ಯಾಯದ 233ನೇ ಸೂಕ್ತವನ್ನು ನಾವೆಲ್ಲರೂ ಎರಡು ವರ್ಷಗಳ ಎದೆಹಾಲಿನ ವಿಷಯದಲ್ಲಿ ಉಲ್ಲೇಖಿಸುತ್ತೇವೆ. ಆ ಸೂಕ್ತ ಅಲ್ಲಿಗೇ ಮುಗಿಯುವುದಿಲ್ಲ. ಹಾಲುಣಿಸುವ ತಾಯಿಯ ಅನ್ನವಸ್ತ್ರದ ಹೊಣೆಯನ್ನು ಅದು ತಂದೆಯ ಮೇಲೆ ಹಾಕುತ್ತದೆ, ಮಗುವಿನ ಕಾರಣದಿಂದ ತಾಯಿಗೆ ಹಾನಿಯಾಗಕೂಡದೆಂದು ತಾಕೀತು ಮಾಡುತ್ತದೆ, ಹಾಲು ಬಿಡಿಸುವುದನ್ನು ಇಬ್ಬರ ಒಪ್ಪಿಗೆ ಮತ್ತು ಸಮಾಲೋಚನೆಗೆ ಬಿಡುತ್ತದೆ. ಈ ಉತ್ತರಾರ್ಧವು ನಮ್ಮ ಖುತ್ಬಾಗಳಲ್ಲಿ ಎಷ್ಟು ಸಲ ಕೇಳಿಬಂದಿದೆ ಎಂದು ಸಭಿಕರೇ ನೆನಪಿಸಿಕೊಳ್ಳಲಿ.

ಈಗ ಬಾಟಲಿಗಳ ಕಡೆಗೆ ಬರೋಣ. ಗ್ರೈಪ್ ವಾಟರನ್ನು 1851ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ ವಿಲಿಯಂ ವುಡ್‌ವರ್ಡ್ ಎಂಬ ಔಷಧ ವ್ಯಾಪಾರಿ ತಯಾರಿಸಿದ. ಮೂಲದಲ್ಲಿ ಅದು ಸಬ್ಬಸಿಗೆ ಎಣ್ಣೆ, ಸೋಡಾ, ಸಕ್ಕರೆ ಮತ್ತು ಮದ್ಯಸಾರದ ಮಿಶ್ರಣವಾಗಿತ್ತು. ಹೌದು, ಮದ್ಯಸಾರ. ಅದನ್ನು ಕುಡಿದ ಮಗು ಸುಮ್ಮನಾಗುತ್ತಿದ್ದುದರ ಗುಟ್ಟು ಎಲ್ಲಿತ್ತೆಂದು ಬಿಡಿಸಿ ಹೇಳಬೇಕಾಗಿಲ್ಲ. ಬ್ರಿಟನ್ನಿನಲ್ಲಿ 1992ರಲ್ಲಿ ಮದ್ಯಸಾರವನ್ನು ಅದರಿಂದ ತೆಗೆಸಲಾಯಿತು. ನಮ್ಮ ಅಂಗಡಿಗಳಲ್ಲಿರುವ ಬಾಟಲಿಗಳ ಮೇಲೆ ಮದ್ಯಸಾರವಿಲ್ಲ ಎಂದು ಬರೆದಿರುತ್ತದೆ. ಆದ್ದರಿಂದ ಇಂದಿನ ಪ್ರಶ್ನೆ ಹಲಾಲ್ ಹರಾಮಿನದ್ದಲ್ಲ, ಪ್ರಯೋಜನದ್ದು. ಗ್ರೈಪ್ ವಾಟರ್ ಮಗುವಿನ ಅಳುವನ್ನು ಗುಣಪಡಿಸುತ್ತದೆ ಎನ್ನುವುದಕ್ಕೆ ಭದ್ರವಾದ ಆಧಾರವಿಲ್ಲ. ಆರು ತಿಂಗಳವರೆಗೆ ಎದೆಹಾಲಲ್ಲದೆ ನೀರನ್ನೂ ಕೊಡಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತಿರುವಾಗ ಈ ಸಿಹಿ ನೀರಿಗೆ ಎಲ್ಲಿ ಜಾಗ?

ಗ್ರೈಪ್ ವಾಟರಾದರೂ ಸಾಧು ಎನ್ನಬಹುದಾದ ಔಷಧಿಗಳು ಇನ್ನೂ ಇವೆ. ಹೊಟ್ಟೆನೋವಿಗೆಂದು ಕೊಡುವ ಡೈಸೈಕ್ಲೊಮಿನ್ ಎಂಬ ಔಷಧಿಯನ್ನು ಆರು ತಿಂಗಳೊಳಗಿನ ಶಿಶುಗಳಿಗೆ ಕೊಡಲೇಬಾರದು, ಉಸಿರಾಟ ನಿಂತ ಪ್ರಕರಣಗಳಿವೆ. ದೊಡ್ಡ ಮಗುವಿಗೆ ಬರೆದುಕೊಟ್ಟ ಬಾಟಲಿಯನ್ನು ತಮ್ಮನಿಗೂ ನಾಲ್ಕು ಹನಿ ಹಾಕುವ ಅಭ್ಯಾಸ ನಮ್ಮಲ್ಲಿದೆ, ಆದ್ದರಿಂದ ಇದನ್ನು ಒತ್ತಿ ಹೇಳುತ್ತಿದ್ದೇವೆ. ವಾಂತಿಗೆ ಕೊಡುವ ಡೊಂಪೆರಿಡೋನ್ ಮೇಲೆ, ಹೃದಯದ ಲಯ ಕೆಡಿಸಬಹುದೆಂಬ ಕಾರಣಕ್ಕೆ ಯುರೋಪಿನ ಔಷಧ ನಿಯಂತ್ರಕರು 2014ರಲ್ಲಿ ನಿರ್ಬಂಧ ಹೇರಿದರು. ಆಮ್ಲ ತಗ್ಗಿಸುವ ರಾನಿಟಿಡಿನನ್ನು 2020ರಲ್ಲಿ ಅಮೆರಿಕದ ಮಾರುಕಟ್ಟೆಯಿಂದ ಹಿಂದೆಗೆಯಲಾಯಿತು. ಗ್ಯಾಸಿನ ಹನಿಯೆಂದು ಮಾರಾಟವಾಗುವ ಸಿಮೆಥಿಕೋನ್‌ನಿಂದ ಹಾನಿ ಕಡಿಮೆ. ಆದರೆ ಪರೀಕ್ಷೆಗಳಲ್ಲಿ ಅದು ಬರಿಯ ಸಿಹಿ ಹನಿಗಿಂತ ಹೆಚ್ಚು ಕೆಲಸ ಮಾಡಿದ್ದು ಕಂಡುಬಂದಿಲ್ಲ. ಯಾವುದೇ ಹನಿಯನ್ನಾದರೂ ಮೆಡಿಕಲ್ ಅಂಗಡಿಯವರ ಮಾತಿನ ಮೇಲೆ ತರಬೇಡಿ, ಮಗುವನ್ನು ತೂಗಿ ನೋಡಿದ ವೈದ್ಯರು ಬರೆದುಕೊಟ್ಟರೆ ಮಾತ್ರ ಕೊಡಿ.

ಮನೆಮದ್ದುಗಳ ವಿಷಯದಲ್ಲಿ ನಾವು ಎಲ್ಲವನ್ನೂ ತಳ್ಳಿಹಾಕುವವರಲ್ಲ. ಹೊಟ್ಟೆಯ ಮೇಲೆ ಬೆಚ್ಚನೆಯ ಅಂಗೈಯಿಂದ ಸ್ವಲ್ಪ ತೆಂಗಿನೆಣ್ಣೆ ಸವರುವ ಅಜ್ಜಿಯ ಕೈ ಮಗುವಿಗೆ ನಿಜವಾಗಿಯೂ ಹಿತ. ಆದರೆ ಬಜೆ ತೇಯ್ದು ನಾಲಿಗೆಗೆ ಹಚ್ಚುವುದು ಬೇಡ. ಅಮೆರಿಕದಲ್ಲಿ ಅದನ್ನು ಆಹಾರದಲ್ಲಿ ಬಳಸುವುದನ್ನು 1968ರಲ್ಲೇ ನಿಷೇಧಿಸಲಾಗಿದೆ. ಓಂಕಾಳಿನ ನೀರು ಬೇಡ, ಇಂಗು ಬಾಯಿಗೆ ಬೇಡ. "ಗಟ್ಟಿ ಆಹಾರ ಕೊಟ್ಟರೆ ಹಾಲು ಹೊಟ್ಟೆಯಲ್ಲಿ ನಿಲ್ಲುತ್ತದೆ" ಎಂದು ಮೂರನೇ ತಿಂಗಳಲ್ಲಿ ರಾಗಿ ಮಣ್ಣಿ ತಿನ್ನಿಸುವುದು ಬೇಡ. ಒಂದು ವರ್ಷ ತುಂಬುವವರೆಗೆ ಜೇನಂತೂ ಖಂಡಿತ ಬೇಡ. ಜೇನಿನಲ್ಲಿರಬಹುದಾದ ಒಂದು ಬಗೆಯ ಬ್ಯಾಕ್ಟೀರಿಯಾದ ಬೀಜಾಣುಗಳು ಹಸುಳೆಯ ಕರುಳಿನಲ್ಲಿ ಮೊಳೆತು ವಿಷ ಉಂಟುಮಾಡಿ ಸ್ನಾಯುಗಳನ್ನು ನಿಶ್ಶಕ್ತಗೊಳಿಸುತ್ತವೆ. "ಜೇನು ತಹ್ನೀಕ್ ಅಲ್ಲವೇ?" ಎಂದು ಕೇಳುವವರಿದ್ದಾರೆ. ಪ್ರವಾದಿವರ್ಯರು(ಸ) ಅಬ್ದುಲ್ಲಾ ಬಿನ್ ಝುಬೈರ್‌ರಿಗೆ(ರ) ಮಾಡಿದ ತಹ್ನೀಕ್ ಖರ್ಜೂರದ್ದು, ಅದೂ ಜಗಿದು ಅಂಗುಳಕ್ಕೆ ಸವರಿದ್ದು. ಆ ಸುನ್ನತ್ತಿನ ಹೆಸರಿನಲ್ಲಿ ದಿನನಿತ್ಯ ಚಮಚದಲ್ಲಿ ಜೇನು ನೆಕ್ಕಿಸಲು ಅಲ್ಲಿ ಆಧಾರವಿಲ್ಲ.

ಇನ್ನು ನೂಲು ಮತ್ತು ತಾಯಿತ. ದೃಷ್ಟಿ ತಾಗುವುದನ್ನು ನಾವು ನಿರಾಕರಿಸುತ್ತಿಲ್ಲ. ಪ್ರವಾದಿವರ್ಯರು(ಸ) ಹಸನ್ ಮತ್ತು ಹುಸೈನ್‌ರಿಗಾಗಿ(ರ) ಅಲ್ಲಾಹನ ಅಭಯ ಬೇಡಿ ಪ್ರಾರ್ಥಿಸುತ್ತಿದ್ದರೆಂದು ಬುಖಾರಿಯಲ್ಲಿದೆ. ಅಳುವ ಮಗುವನ್ನು ಎದೆಗೊರಗಿಸಿಕೊಂಡು ತಾಯಿಯೋ ತಂದೆಯೋ ಮೆಲುದನಿಯಲ್ಲಿ ಅಲ್ ಫಲಕ್, ಅನ್ನಾಸ್ ಓದಲಿ. ಅದು ಪ್ರಾರ್ಥನೆಯೂ ಹೌದು, ಪರಿಚಿತ ಧ್ವನಿಯ ಸಾಂತ್ವನವೂ ಹೌದು. ಆದರೆ ತಾಯಿತ ಕಟ್ಟುವುದನ್ನು ಪ್ರವಾದಿವರ್ಯರು(ಸ) ಕಟುವಾಗಿ ವಿರೋಧಿಸಿದ್ದರು. ಹಣ ಕೊಟ್ಟು ತಂದ ನೂಲು ಕತ್ತಿಗೆ ಬಿಗಿದು, ವೈದ್ಯರ ಬಳಿ ಹೋಗುವುದನ್ನು "ಏಳು ದಿನ ನೋಡೋಣ" ಎಂದು ಮುಂದೂಡುವಲ್ಲಿ ಅಪಾಯವಿದೆ. ಕತ್ತಿನ ದಾರ ಮಲಗಿದ ಮಗುವಿಗೆ ಉರುಳಾಗಬಹುದು ಎಂಬುದು ಬೇರೆ ಮಾತು. ಇದಕ್ಕಿಂತ ಘೋರವಾದದ್ದು ಬರೆ ಹಾಕುವುದು. 2023ರ ಫೆಬ್ರವರಿಯಲ್ಲಿ ಮಧ್ಯಪ್ರದೇಶದ ಶಹಡೋಲ್ ಜಿಲ್ಲೆಯಲ್ಲಿ ನ್ಯುಮೋನಿಯಾ ಪೀಡಿತ ಮೂರು ತಿಂಗಳ ಹೆಣ್ಣು ಮಗುವಿಗೆ ಕಾದ ಕಬ್ಬಿಣದಿಂದ 51 ಬರೆ ಎಳೆದರು, ಮಗು ತೀರಿಹೋಯಿತು. ಹೊಟ್ಟೆಯುಬ್ಬರಕ್ಕೆ ಹೊಕ್ಕುಳ ಸುತ್ತ ಸುಡುವ ಪದ್ಧತಿ ನಮ್ಮ ರಾಜ್ಯಕ್ಕೂ ಅಪರಿಚಿತವಲ್ಲ. ಯಾವ ಧರ್ಮದ ಮನೆಯಲ್ಲಿ ನಡೆದರೂ ಅದು ಅಪರಾಧ. ನೆರೆಮನೆಯಲ್ಲಿ ನಡೆಯುವುದು ಗೊತ್ತಾದರೆ ತಡೆಯಬೇಕು.

ಹಾಗಾದರೆ ಮಾಡಬೇಕಾದದ್ದೇನು? ಸಹೋದರಿಯರು ಕಾದಿರುವುದು ಇದಕ್ಕೇ ಎಂದು ನಮಗೆ ಗೊತ್ತು.

ಹಾಲುಣಿಸುವ ರೀತಿಯಿಂದಲೇ ಅರ್ಧ ಸಮಸ್ಯೆ ಬಗೆಹರಿಯುತ್ತದೆ. ಮಗು ಮೊಲೆತೊಟ್ಟನ್ನು ಮಾತ್ರ ಕಚ್ಚಿಕೊಂಡರೆ ಹಾಲಿನೊಂದಿಗೆ ಗಾಳಿಯೂ ಹೋಗುತ್ತದೆ. ಸುತ್ತಲಿನ ಕಪ್ಪು ಭಾಗದ ಹೆಚ್ಚಿನಂಶ ಬಾಯೊಳಗಿರಬೇಕು, ಗಲ್ಲ ಎದೆಗೆ ತಾಗಿರಬೇಕು, ಕೆಳತುಟಿ ಹೊರಮಡಚಿರಬೇಕು, ಚಪ್ಪರಿಸುವ ಸದ್ದು ಕೇಳಬಾರದು. ಮಗುವಿನ ತಲೆ ಹೊಟ್ಟೆಗಿಂತ ಎತ್ತರದಲ್ಲಿರಲಿ. ಹಾಲು ರಭಸದಿಂದ ಬಂದು ಮಗು ಕೆಮ್ಮುತ್ತಿದ್ದರೆ ತಾಯಿ ಸ್ವಲ್ಪ ಹಿಂದಕ್ಕೆ ಒರಗಿ ಕುಳಿತುಕೊಂಡರೆ ರಭಸ ತಗ್ಗುತ್ತದೆ. ಒಂದು ಬದಿಯಲ್ಲಿ ಮಗು ತಾನಾಗಿ ಬಿಡುವವರೆಗೆ ಕುಡಿಯಲಿ, ಆಮೇಲೆ ಇನ್ನೊಂದು ಬದಿ. ವಿಪರೀತ ಹಸಿದು ಕಿರುಚುವವರೆಗೆ ಕಾಯಬೇಡಿ, ಕೈ ಬಾಯಿಗೆ ಒಯ್ಯುವಾಗಲೇ ಹಾಲು ಕೊಡಿ. ಇದನ್ನು ಕೂತು ತೋರಿಸಿಕೊಡಲು ಜನ ಬೇಕು. ಅದಕ್ಕೆ ವ್ಯವಸ್ಥೆಯೂ ಇದೆ. ಸರಕಾರದ ನವಜಾತ ಶಿಶು ಗೃಹ ಆರೈಕೆ ಕಾರ್ಯಕ್ರಮದ ಪ್ರಕಾರ ಆಸ್ಪತ್ರೆಯಲ್ಲಿ ಹೆರಿಗೆಯಾದ ತಾಯಿಯ ಮನೆಗೆ ಆಶಾ ಕಾರ್ಯಕರ್ತೆ 42 ದಿನಗಳೊಳಗೆ ಆರು ಬಾರಿ ಬರಬೇಕು. ಆಕೆಯನ್ನು ಬಾಗಿಲಲ್ಲೇ ನಿಲ್ಲಿಸಿ ಸಹಿ ಹಾಕಿ ಕಳಿಸಬೇಡಿ. ಒಳಗೆ ಕರೆದು ಹಾಲುಣಿಸುವುದನ್ನು ನೋಡಲು ಹೇಳಿ. ಬಾರದಿದ್ದರೆ ಆರೋಗ್ಯ ಕೇಂದ್ರದಲ್ಲಿ ಕೇಳಿ, ಅದು ನಿಮ್ಮ ಹಕ್ಕು.

ಕುಡಿದಾದ ಮೇಲೆ ಮಗುವನ್ನು ಇಪ್ಪತ್ತರಿಂದ ಮೂವತ್ತು ನಿಮಿಷ ನೆಟ್ಟಗೆ, ಎದೆಗೆ ಎದೆ ತಾಗುವಂತೆ ಎತ್ತಿಕೊಂಡಿರಬೇಕು. ಹೊಟ್ಟೆ ಒತ್ತಿಹೋಗಬಾರದು. ಕುಡಿದ ಕೂಡಲೇ ಸ್ನಾನ, ಕುಲುಕಿ ಆಡಿಸುವುದು, ಸೀರೆಯ ತೊಟ್ಟಿಲಲ್ಲಿ ಬಿಲ್ಲಿನಂತೆ ಮಡಚಿ ಮಲಗಿಸುವುದು ಎಲ್ಲವೂ ಹಾಲನ್ನು ಮೇಲಕ್ಕೆ ತರುತ್ತವೆ. ಸ್ನಾನ ಮಾಡಿಸುವವರು ಮಗುವಿನ ಕಾಲು ಹಿಡಿದು ತಲೆಕೆಳಗೆ ತೂಗಾಡಿಸುವುದನ್ನು, ಮೂಗಿಗೆ ಊದುವುದನ್ನು ದಯವಿಟ್ಟು ನಿಲ್ಲಿಸಿ. ತೇಗು ಬರಿಸಲು ಬೆನ್ನು ತಟ್ಟುವ ಬಗ್ಗೆ ಒಂದು ಮಾತು. ಚಂಡೀಗಢದಲ್ಲಿ 71 ತಾಯಿ ಮಗುವಿನ ಜೋಡಿಗಳ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ತೇಗು ಬರಿಸಿದ ಮಕ್ಕಳ ಅಳು ಕಡಿಮೆಯಾಗಲಿಲ್ಲ, ಕಕ್ಕುವುದು ಮಾತ್ರ ಹೆಚ್ಚಾಯಿತು. ಆದ್ದರಿಂದ ತೇಗು ಬರಲಿಲ್ಲವೆಂದು ಅರ್ಧ ಗಂಟೆ ಬೆನ್ನಿಗೆ ಬಡಿಯಬೇಕಾಗಿಲ್ಲ. ನೆಟ್ಟಗೆ ಹಿಡಿದು ಮೃದುವಾಗಿ ಸವರಿದರೆ ಬರುವುದಿದ್ದರೆ ಬರುತ್ತದೆ. ಅಳುವಾಗ ಮಗುವನ್ನು ಮುಂಗೈಯ ಮೇಲೆ ಬೋರಲಾಗಿ ಮಲಗಿಸಿ, ತಲೆಯನ್ನು ಮೊಣಕೈಯಲ್ಲಿ ಆನಿಸಿ ನಡೆದಾಡುವುದು ಹಲವು ಮಕ್ಕಳಿಗೆ ಹಿತ. ಅಂಗಾತ ಮಲಗಿಸಿ ಎರಡು ಕಾಲುಗಳನ್ನು ಸೈಕಲ್ ತುಳಿದಂತೆ ಆಡಿಸಿದರೆ ವಾಯು ಹೊರಹೋಗುತ್ತದೆ. ಅದನ್ನು ಎರಡು ಹಾಲುಗಳ ನಡುವಿನ ಹೊತ್ತಿನಲ್ಲಿ ಮಾಡಿ.

ನಿದ್ದೆಗೆ ಮಾತ್ರ ಅಂಗಾತವಾಗಿಯೇ, ಸಮತಟ್ಟಾದ ಗಟ್ಟಿ ಹಾಸಿಗೆಯಲ್ಲಿ. ಕಕ್ಕಿದ್ದು ಗಂಟಲಿಗೆ ಸಿಕ್ಕೀತೆಂದು ಬೋರಲು ಮಲಗಿಸುವುದು, ತಲೆಯಡಿಗೆ ದಿಂಬು ಒತ್ತುವುದು ಹಠಾತ್ ಶಿಶುಮರಣದ ಅಪಾಯವನ್ನು ಹೆಚ್ಚಿಸುತ್ತದೆ. ಅಂಗಾತ ಮಲಗಿದ ಆರೋಗ್ಯವಂತ ಮಗು ಕಕ್ಕಿದರೆ ನುಂಗುತ್ತದೆ ಅಥವಾ ಕೆಮ್ಮಿ ಹೊರಹಾಕುತ್ತದೆ. ಅಲ್ಲಾಹನು ಅದರ ಶರೀರದಲ್ಲಿ ಆ ರಕ್ಷಣೆಯನ್ನು ಇಟ್ಟಿದ್ದಾನೆ.

ಬಾಟಲಿ ಹಾಲೇ ಗತಿಯಾದ ತಾಯಂದಿರೂ ಇದ್ದಾರೆ, ಅವರನ್ನು ಯಾರೂ ದೂರಬೇಡಿ. ಅವರು ತೊಟ್ಟಿಯ ತುಂಬ ಹಾಲಿರುವಂತೆ ಬಾಟಲಿ ಓರೆ ಹಿಡಿಯಲಿ, ಪುಡಿ ಕಲಸಿದ ನೊರೆ ಇಳಿಯಲಿ, ಅಳತೆ ಡಬ್ಬಿಯಲ್ಲಿ ಹೇಳಿದಷ್ಟೇ ಇರಲಿ. ಬಾಟಲಿ ಖಾಲಿಯಾಗಲೇಬೇಕೆಂದು ತುರುಕಬೇಡಿ, ಕಕ್ಕುವುದಕ್ಕೆ ಬಹಳ ಸಲ ಅತಿಯಾಗಿ ಕುಡಿಸಿದ್ದೇ ಕಾರಣ. ಆದರೆ ಅಳುತ್ತದೆ ಎಂಬ ಒಂದೇ ಕಾರಣಕ್ಕೆ ಎದೆಹಾಲು ಬಿಡಿಸಿ ಡಬ್ಬಿ ತರುವುದಕ್ಕೆ ನಮ್ಮ ವಿರೋಧವಿದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ದೇಶದಲ್ಲಿ ಆರು ತಿಂಗಳೊಳಗಿನ ಶೇ. 63.7 ಮಕ್ಕಳಿಗೆ ಮಾತ್ರ ಬರಿಯ ಎದೆಹಾಲು ಸಿಗುತ್ತಿತ್ತು. ಶಿಶು ಆಹಾರದ ಜಾಹೀರಾತನ್ನು ನಿಷೇಧಿಸುವ ಕಾನೂನು ನಮ್ಮಲ್ಲಿ 1992ರಲ್ಲೇ ಬಂತು, 2003ರಲ್ಲಿ ಬಿಗಿಯಾಯಿತು. ಆದರೆ ಗಲ್ಫ್‌ನಿಂದ ಬರುವ ಪೆಟ್ಟಿಗೆಗೆ ಯಾವ ಕಾನೂನು? ಚಾಕೊಲೇಟ್, ಸಾಬೂನುಗಳ ನಡುವೆ ನಾಲ್ಕು ಹಾಲಿನ ಪುಡಿ ಡಬ್ಬಿಗಳು ಪ್ರೀತಿಯ ಕುರುಹಾಗಿ ಬರುತ್ತವೆ. ಮನೆಗೆ ಬಂದ ಮೇಲೆ ಅವು ಖಾಲಿಯಾಗಲೇಬೇಕಲ್ಲ! ಡಬ್ಬಿ ಮುಗಿಯುವಷ್ಟರಲ್ಲಿ ಎದೆಹಾಲು ಬತ್ತಿರುತ್ತದೆ, ಮುಂದಿನ ಡಬ್ಬಿಯ ಬೆಲೆ ಇಲ್ಲಿನ ಅಂಗಡಿಯಲ್ಲಿ ಕೊಡಬೇಕು.

ಸರಕಾರದ ಕಡೆಯಿಂದಲೂ ಕೇಳಬೇಕಾದದ್ದಿದೆ. 2017ರ ತಿದ್ದುಪಡಿಯು ಸಂಘಟಿತ ವಲಯದ ತಾಯಂದಿರಿಗೆ 26 ವಾರಗಳ ವೇತನಸಹಿತ ರಜೆ ಕೊಟ್ಟಿತು. ಒಳ್ಳೆಯದು. ಆದರೆ ಕರಾವಳಿಯ ಮನೆಗಳ ಜಗಲಿಯಲ್ಲಿ ಬೀಡಿ ಸುತ್ತುವ ಸಹೋದರಿಗೆ ಆ ರಜೆಯ ಫಲ ತಲುಪಿತೇ? ಹೆರಿಗೆಯಾಗಿ ನಾಲ್ವತ್ತು ದಿನ ಆಗುವ ಮೊದಲೇ ಆಕೆಯ ಮಡಿಲಲ್ಲಿ ಒಂದು ಕಡೆ ಮಗು, ಇನ್ನೊಂದು ಕಡೆ ಸೂಪು. ಮಗುವನ್ನು ಅರ್ಧ ಗಂಟೆ ನೆಟ್ಟಗೆ ಎತ್ತಿಕೊಳ್ಳಿ ಎಂದು ಆಕೆಗೆ ಹೇಳುವುದು ಸುಲಭ. ಆ ಅರ್ಧ ಗಂಟೆಯ ಕೂಲಿಯನ್ನು ಯಾರು ಕೊಡುತ್ತಾರೆ?

ಇದಕ್ಕೆ ತಕ್ಷಣದ ಉತ್ತರ ವಿಧಾನಸೌಧದಲ್ಲಿಲ್ಲ, ಮನೆಯಲ್ಲಿದೆ. ಅದು ಗಂಡಸಿನ ಹೆಗಲು. ಹಾಲುಣಿಸುವುದೊಂದನ್ನು ಬಿಟ್ಟರೆ ನಾವು ಇಷ್ಟು ಹೊತ್ತು ಹೇಳಿದ ಒಂದೊಂದು ಕೆಲಸವನ್ನೂ ತಂದೆ ಮಾಡಬಲ್ಲ, ಅಜ್ಜ ಮಾಡಬಲ್ಲ. ಮಗುವಿಗೆ ಬೇಕಾದದ್ದು ನೆಟ್ಟಗಿನ ಬೆಚ್ಚನೆಯ ಎದೆ, ಅದು ಹೆಣ್ಣಿನದ್ದೇ ಆಗಿರಬೇಕೆಂದಿಲ್ಲ. "ಎತ್ತಿಕೊಂಡರೆ ಅಭ್ಯಾಸವಾಗುತ್ತದೆ" ಎನ್ನುವವರಿಗೆ 1986ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ನಡೆದ ಪ್ರಯೋಗವೊಂದನ್ನು ಹೇಳಬೇಕು. ಅಳದಿದ್ದಾಗಲೂ ಹೆಚ್ಚು ಹೊತ್ತು ಎತ್ತಿಕೊಂಡ ಮಕ್ಕಳು ಆರನೇ ವಾರದಲ್ಲಿ ಉಳಿದವರಿಗಿಂತ ಶೇ. 43ರಷ್ಟು ಕಡಿಮೆ ಅತ್ತವು. ಈಗಾಗಲೇ ವಿಪರೀತ ಅಳುವ ಮಕ್ಕಳ ಮೇಲೆ 1991ರಲ್ಲಿ ಇದೇ ಕ್ರಮ ನೋಡಿದಾಗ ಅಷ್ಟು ಪ್ರಯೋಜನ ಕಾಣಲಿಲ್ಲ ಎಂಬುದನ್ನೂ ಹೇಳುವುದು ನ್ಯಾಯ. ಆದರೆ ಎತ್ತಿಕೊಂಡಿದ್ದರಿಂದ ಮಗು ಕೆಟ್ಟಿತು ಎಂದು ಯಾವ ಪ್ರಯೋಗವೂ ತೋರಿಸಿಲ್ಲ.

ಪ್ರವಾದಿವರ್ಯರು(ಸ) ಮೊಮ್ಮಗಳು ಉಮಾಮಾಳನ್ನು ಎತ್ತಿಕೊಂಡೇ ನಮಾಝ್ ನಿರ್ವಹಿಸಿದರು. ಸುಜೂದ್‌ಗೆ ಹೋಗುವಾಗ ಕೆಳಗಿಳಿಸುತ್ತಿದ್ದರು, ಏಳುವಾಗ ಮತ್ತೆ ಎತ್ತಿಕೊಳ್ಳುತ್ತಿದ್ದರು. ಹಸುಳೆಯೊಂದು ಅವರ ಬಟ್ಟೆಯ ಮೇಲೆ ಮೂತ್ರ ಮಾಡಿದಾಗ ಗದರಲಿಲ್ಲ, ನೀರು ತರಿಸಿ ಸುರಿದರು. ಹಿಂದಿನ ಸಾಲಿನಲ್ಲಿ ಮಗು ಅಳುವುದು ಕೇಳಿದರೆ ತಾಯಿಯ ಮನಸ್ಸಿನ ತಳಮಳವನ್ನು ಬಲ್ಲವರಾಗಿ ನಮಾಝನ್ನೇ ಚಿಕ್ಕದು ಮಾಡುತ್ತಿದ್ದರು. ಇದೆಲ್ಲ ಜನರೆದುರಿಗೆ. ಇಸ್ತ್ರಿ ಮಾಡಿದ ಬಿಳಿ ಅಂಗಿಗೆ ಹಾಲಿನ ಕಲೆಯಾದೀತೆಂದು ಮಗುವನ್ನು ತೋಳಿನಷ್ಟು ದೂರ ಹಿಡಿಯುವ ನಮ್ಮ ಯುವಕರು ಯಾವ ಸುನ್ನತ್ತನ್ನು ಪಾಲಿಸುತ್ತಿದ್ದಾರೆ? ಕೇಂದ್ರ ಸರಕಾರದ ಪುರುಷ ನೌಕರರಿಗೆ 15 ದಿನಗಳ ಪಿತೃತ್ವ ರಜೆ ಇದೆ. ಇರುವವರು ಅದನ್ನು ನೆಂಟರನ್ನು ಸತ್ಕರಿಸಲು ಬಳಸದೆ ರಾತ್ರಿಯ ಪಾಳಿಗೆ ಬಳಸಲಿ. ಅಂಗಡಿಯವರು, ಚಾಲಕರು ಇಶಾದಿಂದ ಹನ್ನೆರಡರವರೆಗಾದರೂ ಮಗುವನ್ನು ತಾವು ನೋಡಿಕೊಂಡು ಆಕೆಗೆ ನಾಲ್ಕು ಗಂಟೆಯ ಒಂದೇ ನಿದ್ದೆ ಕೊಡಲಿ. ಧೂಮಪಾನಿಗಳು ಮನೆಯೊಳಗೆ ಸೇದಬಾರದು, ಹೊಗೆಯಲ್ಲಿರುವ ನಿಕೋಟಿನ್ ನಾವು ಮೊದಲು ಹೇಳಿದ ಸ್ನಾಯುವಿನ ಉಂಗುರವನ್ನೇ ಸಡಿಲಗೊಳಿಸುತ್ತದೆ. ದೂರದ ದೇಶದಲ್ಲಿರುವವರು ರಾತ್ರಿ ಫೋನಿನಲ್ಲಿ "ಮಗು ಯಾಕೆ ಅಳುತ್ತಿದೆ?" ಎಂದು ವಿಚಾರಣೆ ಮಾಡದೆ "ನೀನು ಊಟ ಮಾಡಿದೆಯಾ?" ಎಂದು ಕೇಳಲಿ.

ಏಕೆಂದರೆ ನಿದ್ದೆಗೆಟ್ಟ ತಾಯಿಯ ಕೈ ಒಂದು ಕ್ಷಣ ಮಗುವನ್ನು ಜೋರಾಗಿ ಕುಲುಕಿಬಿಡಬಹುದು. ಹಾಗೆ ಕುಲುಕಿದರೆ ಮಿದುಳಿನಲ್ಲಿ ರಕ್ತಸ್ರಾವವಾಗುತ್ತದೆ, ಕುರುಡುತನ ಬರಬಹುದು, ಸಾವೂ ಸಂಭವಿಸಬಹುದು. ಸಹನೆ ಮುಗಿಯಿತು ಎನಿಸಿದಾಗ ಮಗುವನ್ನು ಹಾಸಿಗೆಯಲ್ಲಿ ಅಂಗಾತ ಮಲಗಿಸಿ ಐದು ನಿಮಿಷ ಹೊರಗೆ ಬನ್ನಿ, ಮಗು ಅಳಲಿ. ಅದು ಪಾಪವಲ್ಲ. ವಾರಗಟ್ಟಲೆ ಕಣ್ಣೀರು, ಮಗುವನ್ನು ನೋಡಲೂ ಮನಸ್ಸಿಲ್ಲದಿರುವುದು, ಬದುಕು ಬೇಡವೆನಿಸುವುದು ಬಾಣಂತಿಯ ಖಿನ್ನತೆಯ ಲಕ್ಷಣ. ಅದು ಈಮಾನಿನ ಕೊರತೆಯಲ್ಲ, ಜಿನ್ನಿನ ಬಾಧೆಯೂ ಅಲ್ಲ. ಚಿಕಿತ್ಸೆ ಇದೆ, ಕರೆದೊಯ್ಯಿರಿ.

ಯಾವಾಗ ಕಾಯಬಾರದು ಎಂಬುದನ್ನು ಎಲ್ಲರೂ ಬರೆದಿಟ್ಟುಕೊಳ್ಳಿ. ವಾಂತಿ ಹಸಿರು ಬಣ್ಣದ್ದಾಗಿದ್ದರೆ, ರಕ್ತ ಅಥವಾ ಕಾಫಿ ಪುಡಿಯಂತಹುದು ಕಂಡರೆ ಅದೇ ಗಂಟೆಯಲ್ಲಿ ಆಸ್ಪತ್ರೆಗೆ. ಎರಡರಿಂದ ಎಂಟು ವಾರದ ಮಗು ಪ್ರತಿ ಸಲವೂ ಕುಡಿದ ಹಾಲನ್ನು ದೂರಕ್ಕೆ ಚಿಮ್ಮುವಂತೆ ವಾಂತಿ ಮಾಡಿ ಕೂಡಲೇ ಮತ್ತೆ ಹಸಿವಿನಿಂದ ಅತ್ತರೆ ಜಠರದ ಕೆಳಬಾಗಿಲು ಕಟ್ಟಿಕೊಂಡಿರಬಹುದು. ಗಂಡು ಮಕ್ಕಳಲ್ಲಿ ಇದು ಹೆಚ್ಚು, ಚಿಕ್ಕ ಶಸ್ತ್ರಚಿಕಿತ್ಸೆಯಿಂದ ಗುಣವಾಗುತ್ತದೆ. ಮೂರು ತಿಂಗಳೊಳಗಿನ ಮಗುವಿಗೆ 38 ಡಿಗ್ರಿ ಸೆಲ್ಸಿಯಸ್ ಅಥವಾ ಹೆಚ್ಚು ಜ್ವರ, ಗಟ್ಟಿಯಾಗಿ ಉಬ್ಬಿದ ಹೊಟ್ಟೆ, ಮಲದಲ್ಲಿ ರಕ್ತ, ಬಿಟ್ಟುಬಿಟ್ಟು ಬರುವ ತೀವ್ರ ಅಳುವಿನ ನಡುವೆ ಬಿಳಿಚಿಕೊಂಡು ಸೋತು ಬೀಳುವುದು, ತುಟಿ ನೀಲಿಯಾಗುವುದು, ಹಾಲು ನಿರಾಕರಿಸುವುದು, ಮೂತ್ರ ಬಹಳ ಕಡಿಮೆಯಾಗುವುದು ಎಲ್ಲವೂ ತುರ್ತು. 108ಕ್ಕೆ ಕರೆ ಮಾಡಿ. ತೂಕ ಏರದಿದ್ದರೆ ಅದೇ ವಾರದಲ್ಲಿ ತೋರಿಸಿ. ಆರು ತಿಂಗಳ ನಂತರ ಹೊಸದಾಗಿ ಆರಂಭವಾದ, ವರ್ಷ ದಾಟಿದರೂ ನಿಲ್ಲದ ವಾಂತಿಯನ್ನೂ ತೋರಿಸಿ. ಅಂಗನವಾಡಿಯ ತೂಕದ ಕಾರ್ಡು ಈ ವಿಷಯದಲ್ಲಿ ಯಾವ ಹಿರಿಯರ ಅಂದಾಜಿಗಿಂತಲೂ ನಂಬಿಕಸ್ಥ.

ಕೊನೆಗೆ, ಸಹೋದರಿಯರ ಕಡೆಯಿಂದ ಬಂದ ಒಂದು ಚೀಟಿಯಿದೆ. ಮಗು ಸದಾ ಕಕ್ಕುವುದರಿಂದ ಬಟ್ಟೆ ಶುದ್ಧವಿರುವುದಿಲ್ಲ, ಆದ್ದರಿಂದ ನಮಾಝ್ ತಪ್ಪಿಹೋಗುತ್ತಿದೆ, ಏನು ಮಾಡಲಿ ಎಂದು ಬರೆದಿದ್ದಾರೆ. ಇದು ಹೊಸ ಪ್ರಶ್ನೆಯಲ್ಲ. ಕರಾವಳಿಯ ದರ್ಸ್‌ಗಳಲ್ಲಿ ಇಂದಿಗೂ ಓದಿಸುವ ಫತ್‌ಹುಲ್ ಮುಈನ್ ಗ್ರಂಥದಲ್ಲಿ, ಎಡೆಬಿಡದೆ ಕಕ್ಕುವ ಮಗುವಿನ ಬಾಯಿಗೆ ಹೋಗುವ ತಾಯಿಯ ಸ್ತನದ ಮಟ್ಟಿಗೆ ವಿನಾಯಿತಿ ಇದೆ ಎಂಬ ತಮ್ಮ ಗುರುಗಳ ಫತ್ವಾವನ್ನು ಪೊನ್ನಾನಿಯ ಝೈನುದ್ದೀನ್ ಮಖ್ದೂಮರು ದಾಖಲಿಸಿದ್ದಾರೆ. ನಾಲ್ಕು ಶತಮಾನಗಳ ಹಿಂದಿನ ವಿದ್ವಾಂಸರಿಗೆ ಕಕ್ಕುವ ಮಗುವಿನ ತಾಯಿಯ ಕಷ್ಟ ಗೊತ್ತಿತ್ತು! ಬಟ್ಟೆಯ ವಿಷಯದಲ್ಲಿ ಮದ್‌ಹಬ್‌ಗಳ ನಡುವೆ ವ್ಯತ್ಯಾಸವಿದೆ, ನಿಮ್ಮ ಊರಿನ ಉಸ್ತಾದರಲ್ಲಿ ವಿವರ ಕೇಳಿಕೊಳ್ಳಿ. ಅಲ್ಲಿಯವರೆಗೆ ನಮಾಝಿಗೆಂದೇ ಒಂದು ಜೊತೆ ಬಟ್ಟೆಯನ್ನು ತೊಳೆದು ಬೇರೆ ಇಟ್ಟುಕೊಳ್ಳಿ. ನೀವು ಅದನ್ನುಟ್ಟು ನಿಂತ ಹತ್ತು ನಿಮಿಷ ಮಗು ಅದರ ತಂದೆಯ ಹೆಗಲ ಮೇಲಿರಲಿ, ನೆಟ್ಟಗೆ. ಹಳೆಯ ಬಟ್ಟೆಯೊಂದನ್ನು ಅವರ ಹೆಗಲಿಗೆ ಹಾಕಲು ಮರೆಯಬೇಡಿ.